ಯುದ್ಧ ಕೇಳುವ ಕಿವಿ, ಲೋಕ ಕಟ್ಟುವ ದನಿ

ಕೊಪ್ಪಳದ ಕೋಟೆಯಲ್ಲಿ ನಡೆದ ಎರಡು ಯುದ್ಧಗಳು ನಮ್ಮನ್ನು ಎರಡು ಬೇರೆ ದಾರಿಯಿಂದ ತಲುಪಿವೆ. 1790ರಲ್ಲಿ ಟಿಪ್ಪು ಸುಲ್ತಾನನ ವಶದಲ್ಲಿದ್ದ ಈ ಕೋಟೆಗೆ ಇಂಗ್ಲಿಷರ ಮತ್ತು ನಿಜಾಮನ ಪಡೆಗಳು ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಹೆಣಗಿ, ಕೊನೆಗೆ ಗೆದ್ದುಕೊಂಡವು. ಭಾರತದಲ್ಲಿ ತಾನು ಕಂಡ ಜಾಗಗಳಲ್ಲೆಲ್ಲ ಇದೇ ಗಟ್ಟಿ ಎಂದು ಜಾನ್ ಮಾಲ್ಕಮ್ ಎಂಬ ಅಧಿಕಾರಿ ಬರೆದಿಟ್ಟ. ಆ ಮಾತು ಗ್ಯಾಸೆಟಿಯರುಗಳನ್ನು ಹೊಕ್ಕು, ಇಂದಿಗೂ ಪ್ರವಾಸಿ ಕೈಪಿಡಿಗಳಲ್ಲಿ ಓಡಾಡಿಕೊಂಡಿದೆ. 1858ರಲ್ಲಿ ಅದೇ ಕೋಟೆಯಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿ ಕೆಂಚನಗೌಡ ಇಂಗ್ಲಿಷರೊಡನೆ ಕಾದಾಡಿ ಮಡಿದರು. ಅನುಭವ ಬರೆದಿಡುವಷ್ಟು ಕಾಲ ಅವರು ಬದುಕಲಿಲ್ಲ. ಅವರ ನೆನಪು ಉಳಿದದ್ದು ಊರವರ ಬಾಯಲ್ಲಿ, ಹಾಡಿನಲ್ಲಿ, ಕಟ್ಟೆಯ ಮೇಲಿನ ಮಾತಿನಲ್ಲಿ. ಗೆದ್ದವರ ಯುದ್ಧ ಪುಟಕ್ಕೆ ಹೋಯಿತು, ಸೋತವರದು ಕಿವಿಗೆ ಬಿತ್ತು. ಈ ಸೀಮೆಯಲ್ಲಿ ಯುದ್ಧವೆಂದರೆ ಮೊದಲು ಕೇಳುವ ಸಂಗತಿ, ಆಮೇಲೆ ಓದುವ ಸಂಗತಿ. ಆದ್ದರಿಂದ ಪುಸ್ತಕಗಳು ಮೊಬೈಲಿನಲ್ಲಿ ದನಿಯಾಗಿ ಬರತೊಡಗಿರುವ ಈ ಹೊತ್ತಿನಲ್ಲಿ, ಯಾವ ಪುಸ್ತಕ ಕಿವಿಗೆ ಒಪ್ಪುತ್ತದೆ, ಯಾವುದು ಒಪ್ಪುವುದಿಲ್ಲ ಎಂಬ ಪ್ರಶ್ನೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕೇಳುಗರ ಅಭಿಪ್ರಾಯಕ್ಕೆ ತೂಕವಿದೆ ಎಂದೇ ನನ್ನ ಎಣಿಕೆ.

ಕನ್ನಡದಲ್ಲಿ ಆಡಿಯೋಬುಕ್ ಈಗ ಅಪರೂಪದ ಸರಕಲ್ಲ. 2020ರಲ್ಲಿ ಶುರುವಾದ ಮೈಲ್ಯಾಂಗ್‌ನಂಥ ಕನ್ನಡದ್ದೇ ಸಂಸ್ಥೆಗಳಿವೆ, ಹೊರಗಿನಿಂದ ಬಂದ ಸ್ಟೋರಿಟೆಲ್ ಇದೆ. ಆದರೆ ಇವುಗಳ ಗುಣದೋಷ ಚರ್ಚಿಸುವ ವಿಮರ್ಶೆ ನಮ್ಮಲ್ಲಿನ್ನೂ ಬೆಳೆದಿಲ್ಲ. ಪುಸ್ತಕ ಚೆನ್ನಾಗಿದ್ದರೆ ಆಡಿಯೋಬುಕ್ಕೂ ಚೆನ್ನಾಗಿದೆ ಎಂದು ನಂಬಿ ಸುಮ್ಮನಾಗುತ್ತೇವೆ. ಅದು ಸರಿಯಲ್ಲ ಎಂಬುದನ್ನು ಹೇಳಲು ಎರಡು ಪ್ರಕಾರಗಳನ್ನು ಎದುರುಬದುರು ನಿಲ್ಲಿಸುತ್ತೇನೆ: ಸೈನಿಕರ ಯುದ್ಧಾನುಭವ ಕಥನ ಮತ್ತು ವಿಜ್ಞಾನ ಕಾದಂಬರಿ. ಒಂದು ನಡೆದದ್ದನ್ನು ಹೇಳುತ್ತದೆ, ಇನ್ನೊಂದು ನಡೆಯದ್ದನ್ನು. ಮೊದಲನೆಯದರಲ್ಲಿ ಓದುವವರ ದನಿ ಹಿಂದೆ ಸರಿದು ನಿಲ್ಲಬೇಕು, ಎರಡನೆಯದರಲ್ಲಿ ಮುಂದೆ ಬಂದು ದುಡಿಯಬೇಕು. ನಮ್ಮಲ್ಲಿ ಆಗಾಗ ಇದಕ್ಕೆ ಉಲ್ಟಾ ನಡೆಯುತ್ತದೆ. ಯುದ್ಧ ಬಂದ ಕೂಡಲೇ ಗಂಟಲು ಏರುತ್ತದೆ, ಹಿನ್ನೆಲೆಯಲ್ಲಿ ಬಾಂಬು ಸಿಡಿಯುತ್ತದೆ; ವಿಜ್ಞಾನ ಬಂದಾಗ ಪಾಠದ ಪುಸ್ತಕ ಓದಿದಂತೆ ಸಪ್ಪೆಯಾಗಿ ಓದಿ ಮುಗಿಸುತ್ತಾರೆ.

ಕೇಳುವ ಪುಸ್ತಕಕ್ಕೂ ಯುದ್ಧಕ್ಕೂ ಇರುವ ನಂಟು ಬಹಳ ಜನರಿಗೆ ಗೊತ್ತಿಲ್ಲ. 1877ರಲ್ಲಿ ಫೋನೋಗ್ರಾಫ್ ಮಾಡಿದ ಎಡಿಸನ್, ಅದರ ಉಪಯೋಗಗಳ ಪಟ್ಟಿಯಲ್ಲೇ ಕುರುಡರಿಗಾಗಿ ಮಾತಾಡುವ ಪುಸ್ತಕ ಎಂದು ಬರೆದಿದ್ದ. ಆದರೆ ಬ್ರಿಟನ್ನಿನಲ್ಲಿ ಅದು ನಿಜವಾಗಲು ಮೊದಲ ಮಹಾಯುದ್ಧ ಬೇಕಾಯಿತು. ವಿಷಾನಿಲಕ್ಕೆ, ಗುಂಡಿನ ಚೂರಿಗೆ ಕಣ್ಣು ಕಳೆದುಕೊಂಡು ಮನೆಗೆ ಬಂದ ಯುವಕರ ಬೆರಳುಗಳು ಬ್ರೈಲ್ ಲಿಪಿಗೆ ಸುಲಭವಾಗಿ ಪಳಗಲಿಲ್ಲ. ಅವರಿಗಾಗಿ ದುಡಿದ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯ ಮುಖ್ಯಸ್ಥ ಇಯಾನ್ ಫ್ರೇಸರ್ 1916ರ ಸೊಮ್ ಕದನದಲ್ಲಿ ಸ್ವತಃ ದೃಷ್ಟಿ ಕಳೆದುಕೊಂಡ ಕ್ಯಾಪ್ಟನ್. ಕುರುಡರ ರಾಷ್ಟ್ರೀಯ ಸಂಸ್ಥೆಯ ಜೊತೆ ಸೇರಿ ಅವರು 1935ರಲ್ಲಿ ಮಾತಾಡುವ ಪುಸ್ತಕಗಳ ಗ್ರಂಥಾಲಯ ತೆರೆದರು. ಸಾಮಾನ್ಯ ಗ್ರಾಮಫೋನ್ ತಟ್ಟೆ ನಾಲ್ಕೈದು ನಿಮಿಷ ಹಾಡುತ್ತಿದ್ದ ಕಾಲದಲ್ಲಿ, ನಿಧಾನವಾಗಿ ತಿರುಗುವ ಈ ತಟ್ಟೆಗಳು ಒಂದೊಂದು ಮಗ್ಗುಲಿಗೆ ಸುಮಾರು 25 ನಿಮಿಷ ಓದುತ್ತಿದ್ದವು. ಒಂದು ಕಾದಂಬರಿಗೆ ಹತ್ತರ ಆಸುಪಾಸು ತಟ್ಟೆ. ಆ ಸೈನಿಕರು ಕೇಳಲು ಬಯಸಿದ್ದು ಯುದ್ಧದ ಕಥೆಯನ್ನೇ ಅಲ್ಲ ಎಂಬುದನ್ನೂ ಹೇಳಬೇಕು. ಮೊದಲ ಪುಸ್ತಕಗಳಲ್ಲಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ ಇತ್ತು. ಯುದ್ಧ ಕಂಡವರಿಗೆ ಅದರ ಗದ್ದಲ ಮತ್ತೆ ಬೇಕಿರಲಿಲ್ಲ.

ಈಗ ಯುದ್ಧ ಕಥನಕ್ಕೆ ಬರೋಣ. ಕನ್ನಡದಲ್ಲಿ ಬಹಳ ಕೈಬದಲಿಸಿದ ಯುದ್ಧ ನೆನಪುಗಳಲ್ಲಿ ಒಂದು ಬ್ರಿಗೇಡಿಯರ್ ಜಾನ್ ದಳವಿ ಅವರ 'ಹಿಮಾಲಯನ್ ಬ್ಲಂಡರ್'. ಬಳ್ಳಾರಿಯ ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದರು. ಈ ಭಾಗದ ಬಸ್‌ ನಿಲ್ದಾಣದ ಪುಸ್ತಕದ ಅಂಗಡಿಗಳಿಗೆ ಅದೇನು ಹೊಸ ಹೆಸರಲ್ಲ. 1962ರ ಅಕ್ಟೋಬರ್ 20ರಂದು ನಾಮ್‌ಕಾ ಚೂ ನದಿಯ ದಂಡೆಯಲ್ಲಿ ಚೀನಾದ ಸೇನೆ ಎರಗಿದಾಗ ದಳವಿ 7ನೇ ಪದಾತಿ ಬ್ರಿಗೇಡಿನ ಮುಖ್ಯಸ್ಥರಾಗಿದ್ದರು. 22ರಂದು ಸೆರೆಸಿಕ್ಕರು, ಏಳು ತಿಂಗಳು ಕೈದಿಯಾಗಿದ್ದು 1963ರ ಮೇ ತಿಂಗಳಲ್ಲಿ ಮರಳಿದರು, 1969ರಲ್ಲಿ ಪುಸ್ತಕ ಬರೆದರು. ಇದರಲ್ಲಿ ಯುದ್ಧಕ್ಕಿಂತ ಯುದ್ಧದ ಮುಂಚಿನ ಸಂಗತಿಗಳೇ ಜಾಸ್ತಿ: ಹಿಮದಲ್ಲಿ ಹತ್ತಿ ಬಟ್ಟೆ ತೊಟ್ಟ ಜವಾನರು, ಸಾಲದ ಮದ್ದುಗುಂಡು, ದಿಲ್ಲಿಯಿಂದ ಬಂದ ಅರ್ಥವಿಲ್ಲದ ಆದೇಶಗಳು. ಇಂಥ ಪುಸ್ತಕ ಕಿವಿಗೆ ಯಾಕೆ ಹಿಡಿಸುತ್ತದೆ? ಕಾದಾಟದ ಕಾರಣಕ್ಕಲ್ಲ. ನಡೆದದ್ದನ್ನು ಕಂಡ ಒಬ್ಬನೇ ಮನುಷ್ಯ, ತಾನು ಯಾಕೆ ಸೋತೆ ಎಂಬುದನ್ನು ಕಟ್ಟೆಯ ಮೇಲೆ ಕೂತು ಬಿಡಿಸಿ ಹೇಳುತ್ತಿದ್ದಾನೆ ಎಂಬ ಭಾವನೆ ಹುಟ್ಟುವುದರಿಂದ. ಅಲ್ಲಿ ಓದುವವರು ನಟಿಸತೊಡಗಿದರೆ ಆ ಭಾವನೆ ಅಷ್ಟಕ್ಕೇ ಮುರಿದುಬೀಳುತ್ತದೆ. 'ಬಟ್ಟೆ ಸಾಲಲಿಲ್ಲ' ಎಂಬ ವಾಕ್ಯವನ್ನು ನಡುಗುವ ದನಿಯಲ್ಲಿ ಓದಿದರೆ ಕೇಳುಗನಿಗೆ ಓದುವವರ ನಡುಕ ಕೇಳುತ್ತದೆ, ಜವಾನನ ಚಳಿ ಕೇಳುವುದಿಲ್ಲ. ಸುಮ್ಮನೆ, ಲೆಕ್ಕಪತ್ರ ಓದಿದಂತೆ ಓದಿ ಒಂದು ಕ್ಷಣ ತಡೆದರೆ ಸಾಕು. ಉಳಿದದ್ದನ್ನು ಕೇಳುಗನೇ ತುಂಬಿಕೊಳ್ಳುತ್ತಾನೆ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ, ಅದೂ ನಮ್ಮ ನೆಲದಿಂದಲೇ ಬರುವಂಥದ್ದು. ಉತ್ತರ ಕರ್ನಾಟಕ ಯುದ್ಧವನ್ನು ಯಾವತ್ತು ತಗ್ಗಿದ ದನಿಯಲ್ಲಿ ಕೇಳಿದೆ? ಲಾವಣಿಕಾರ ಡಪ್ಪು ಬಡಿದು, ತುಂತುಣಿ ಮಿಡಿದು, ಏರುಗಂಟಲಲ್ಲಿ ಹಾಡುತ್ತಾನಲ್ಲ? ಹಲಗಲಿ ಬೇಡರ ದಂಗೆ, ಸಂಗೊಳ್ಳಿ ರಾಯಣ್ಣನ ಹೋರಾಟ ನಮಗೆ ಬಂದದ್ದೇ ಹಾಗೆ; 1880ರ ದಶಕದಲ್ಲಿ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅವುಗಳನ್ನು ಬರೆದುಕೊಂಡು ಅಚ್ಚು ಹಾಕಿಸುವ ಮೊದಲೇ ಜನ ಅವನ್ನು ಕೇಳಿ ಬಲ್ಲವರಾಗಿದ್ದರು. ನಿಜ. ಆದರೆ ಲಾವಣಿಕಾರ ರಣದಲ್ಲಿ ಇದ್ದವನಲ್ಲ. ಇದ್ದವರು ಸತ್ತ ಮೇಲೆ, ಅವರ ಪರವಾಗಿ, ಜಾತ್ರೆಯ ಗದ್ದಲದ ನಡುವೆ ನೂರಾರು ಜನಕ್ಕೆ ಕೇಳುವಂತೆ ಹಾಡುವವನು. ಅವನ ಏರುದನಿಗೆ ಕಾರಣ ಬಯಲು ಮತ್ತು ಗುಂಪು. ಇಯರ್‌ಫೋನ್ ಸಿಕ್ಕಿಸಿಕೊಂಡವನ ಕಿವಿ ಬಯಲಲ್ಲ. ಇನ್ನೊಂದು ಮಾತು: ಲಾವಣಿಯ ಒಳಗನ್ನು ನೋಡಿದರೆ ಅದು ಆಶ್ಚರ್ಯವಾಗುವಷ್ಟು ಒಣ ವರದಿ. ಯಾವ ಊರು, ಎಷ್ಟು ಕುದುರೆ, ಯಾವ ಸಾಹೇಬ, ಯಾರು ಸುಳಿವು ಕೊಟ್ಟರು, ಯಾರ ಮನೆ ಸುಟ್ಟಿತು. ಉಬ್ಬರವೆಲ್ಲ ರಾಗದಲ್ಲಿ, ಮಾತು ಮಾತ್ರ ಪಂಚನಾಮೆ.

ಗಂಗಾವತಿ ಸೀಮೆಯ ಕುಮಾರರಾಮನ ಕಥೆ ಇದನ್ನೇ ಇನ್ನೂ ಚೆನ್ನಾಗಿ ತೋರಿಸುತ್ತದೆ. ಕುಮ್ಮಟದುರ್ಗ, ಹೇಮಗುಡ್ಡ ಎಂದರೆ ಇಲ್ಲಿನ ಮಕ್ಕಳಿಗೂ ಗೊತ್ತು. 1327ರ ಸುಮಾರಿಗೆ ಮಹಮದ್ ಬಿನ್ ತುಘಲಕನ ಸೇನೆ ರಾಮನ ತಂದೆ ಕಂಪಿಲರಾಯನ ರಾಜ್ಯವನ್ನು ಮುಗಿಸಿತು. ದಿಲ್ಲಿಯ ವಿರುದ್ಧ ಬಂಡೆದ್ದವನಿಗೆ ಆಶ್ರಯ ಕೊಟ್ಟದ್ದಕ್ಕಾಗಿ ಆ ಅರಸ ಸತ್ತ, ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು ಎಂದು ಇಬ್ನ್ ಬತೂತ ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ. ಆದರೆ ಜನ ಹಾಡಿಕೊಂಡದ್ದು, ನಂಜುಂಡನಂಥ ಕವಿಗಳು ಸಾಂಗತ್ಯದಲ್ಲಿ ಕಟ್ಟಿದ್ದು, ಮನೆಯೊಳಗಿನ ಕಥೆಯನ್ನೂ ಸೇರಿಸಿ. ಮಲತಾಯಿ ರತ್ನಾಜಿಯ ಮೋಹವನ್ನು ರಾಮ ಒಲ್ಲೆನೆಂದ. ತಂದೆ ತಲೆ ತೆಗೆಯಲು ಹೇಳಿದ. ಮಂತ್ರಿ ಬೈಚಪ್ಪ ಅವನನ್ನು ನೆಲಮನೆಯಲ್ಲಿ ಅಡಗಿಸಿ ಬೇರೊಂದು ತಲೆ ತೋರಿಸಿದ. ದಿಲ್ಲಿಯ ದಂಡು ಬಂದಾಗ ಸತ್ತನೆಂದುಕೊಂಡವನೇ ಎದ್ದು ಬಂದ. ಇತಿಹಾಸಕಾರರಿಗೆ ಇದರಲ್ಲಿ ಎಷ್ಟು ದಿಟ ಎಂಬ ಚಿಂತೆ. ಕೇಳುಗನಾಗಿ ನನಗೆ ಕಾಣುವುದು ಬೇರೆ. ಸೇನೆ, ಸಂಖ್ಯೆ, ನಕಾಶೆ ಕಿವಿಯಲ್ಲಿ ನಿಲ್ಲುವುದಿಲ್ಲ. ಮನುಷ್ಯನೊಬ್ಬನ ಇಕ್ಕಟ್ಟು ನಿಲ್ಲುತ್ತದೆ. ದೊಡ್ಡ ಸೇನಾನಿಗಳು ಬರೆದ, ದಳ ಇಲ್ಲಿ ಸರಿಯಿತು, ತುಕಡಿ ಅಲ್ಲಿ ಹೊರಳಿತು ಎಂಬ ನೆನಪುಗಳು ಕೇಳಲು ದಂಡ. ಅವನ್ನು ನಕಾಶೆ ಮುಂದಿಟ್ಟುಕೊಂಡು ಓದಬೇಕು. ಕೆಳಗಿನ ದರ್ಜೆಯವನ, ಕೈದಿಯ, ನರ್ಸಿನ, ಅಡುಗೆಯವನ ನೆನಪು ಕೇಳಲು ಲೇಸು. ಎರಡನೆಯ ಮಹಾಯುದ್ಧದಲ್ಲಿ ಕಾದಾಡಿದ ಸೋವಿಯತ್ ಹೆಂಗಸರನ್ನು ಮಾತಾಡಿಸಿ ಅವರವರ ದನಿಯಲ್ಲೇ ಪುಸ್ತಕ ಕಟ್ಟಿದ ಸ್ವೆಟ್ಲಾನಾ ಅಲೆಕ್ಸಿಯೆವಿಚ್‌ಗೆ 2015ರಲ್ಲಿ ನೊಬೆಲ್ ಬಂದದ್ದು ಸುಮ್ಮನೆ ಅಲ್ಲ.

ವಿಜ್ಞಾನ ಕಾದಂಬರಿಯ ಕಷ್ಟವೇ ಬೇರೆ. ಯುದ್ಧ ಕಥನದ ಲೋಕ ಆಗಲೇ ಇದೆ: ನದಿ, ಗುಡ್ಡ, ಹಸಿವು, ಭಯ. ವಿಜ್ಞಾನ ಕಥೆಯಲ್ಲಿ ಲೋಕವನ್ನೇ ಮೊದಲು ಕಟ್ಟಬೇಕು, ಅದರ ನಿಯಮ ತಿಳಿಸಬೇಕು, ಆಮೇಲೆ ಕಥೆ. ಓದುಗ ಎಡವಿದರೆ ಪುಟ ತಿರುವಿ ಹಿಂದೆ ನೋಡುತ್ತಾನೆ. ಕೇಳುಗ ಬಸ್ಸಿನಲ್ಲಿ ನಿಂತಿರುತ್ತಾನೆ, ಗಿರಣಿಯಲ್ಲಿ ಭತ್ತದ ಚೀಲ ಹೊಲಿಯುತ್ತಿರುತ್ತಾನೆ. ಹಿಂದೆ ಹೋಗುವ ಪುರಸೊತ್ತಿಲ್ಲ. ಒಂದು ಹೊಸ ಯಂತ್ರದ ಹೆಸರು ತಪ್ಪಿದರೆ ಮುಂದಿನ ಅರ್ಧ ಗಂಟೆ ಮಣ್ಣುಪಾಲು. ಹಾಗಾದರೆ ವಿಜ್ಞಾನ ಕಥೆ ಕಿವಿಗೆ ಒಗ್ಗದ ಪ್ರಕಾರವೇ? ಇತಿಹಾಸ ಹಾಗೆ ಹೇಳುವುದಿಲ್ಲ. ಎಚ್.ಜಿ. ವೆಲ್ಸ್ 1898ರಲ್ಲಿ ಪ್ರಕಟಿಸಿದ ಮಂಗಳ ಗ್ರಹದವರ ದಾಳಿಯ ಕಾದಂಬರಿಯನ್ನು ಆರ್ಸನ್ ವೆಲ್ಸ್ 1938ರ ಅಕ್ಟೋಬರ್ 30ರ ರಾತ್ರಿ ಅಮೆರಿಕದ ರೇಡಿಯೋದಲ್ಲಿ ಸುದ್ದಿಪ್ರಸಾರದ ಧಾಟಿಯಲ್ಲಿ ಕೇಳಿಸಿದ. ಸಂಗೀತದ ನಡುವೆ ವಾರ್ತೆ, ವಾರ್ತೆಯ ನಡುವೆ ತೊದಲು, ತೊದಲಿನ ನಡುವೆ ಮೌನ. ದೇಶಕ್ಕೆ ದೇಶವೇ ಹೆದರಿ ಓಡಿತು ಎಂದು ಮರುದಿನದ ಪತ್ರಿಕೆಗಳು ಬರೆದದ್ದು ಉತ್ಪ್ರೇಕ್ಷೆ ಎನ್ನುತ್ತಾರೆ ಈಗಿನ ಸಂಶೋಧಕರು. ಕೆಲವರಾದರೂ ನಂಬಿದ್ದು ದಿಟ. ನಂಬಿಸಿದ್ದು ವಿಚಿತ್ರ ಶಬ್ದವಲ್ಲ, ದಿನವೂ ಕೇಳುವ ವಾರ್ತೆಯ ದನಿ. 1978ರ ಮಾರ್ಚಿನಲ್ಲಿ ಬಿಬಿಸಿ ರೇಡಿಯೋದಲ್ಲಿ ಹುಟ್ಟಿದ ಡಗ್ಲಸ್ ಆಡಮ್ಸ್‌ನ 'ಹಿಚ್‌ಹೈಕರ್ಸ್ ಗೈಡ್' ಪುಸ್ತಕವಾದದ್ದು ಮರುವರ್ಷ. ಆಂಡಿ ವಿಯರ್‌ನ 'ಪ್ರಾಜೆಕ್ಟ್ ಹೇಲ್ ಮೇರಿ'ಯಲ್ಲಿ ಬೇರೆ ನಕ್ಷತ್ರದ ಜೀವಿಯೊಂದು ಸ್ವರಗಳಲ್ಲಿ ಮಾತಾಡುತ್ತದೆ. ಅಚ್ಚಿನ ಪುಟ ಅದಕ್ಕೆ ಸಂಗೀತದ ಗುರುತು ಹಾಕಿ ಕೈತೊಳೆದುಕೊಳ್ಳಬೇಕು. ಆಡಿಯೋಬುಕ್ಕಿನಲ್ಲಿ ಆ ಸ್ವರ ಕೇಳಿಯೇ ಕೇಳುತ್ತದೆ. ಹಿನ್ನೆಲೆ ಶಬ್ದಕ್ಕೆ ನಾನು ವಿರೋಧಿಯಲ್ಲ. ಆ ಶಬ್ದ ಕಥೆಗೆ ಬೇಕಿರಬೇಕು, ಅಷ್ಟೆ.

ಈ ಎರಡು ಪ್ರಕಾರಗಳನ್ನು ಒಬ್ಬನೇ ಕೇಳುಗ ಮೆಚ್ಚುವುದು ವಿಚಿತ್ರ ಅನ್ನಿಸಬಹುದು. ಹಾಗೇನಿಲ್ಲ. ಡ್ರೆಸ್ಡೆನ್ ನಗರ 1945ರ ಫೆಬ್ರವರಿಯಲ್ಲಿ ಬಾಂಬಿಗೆ ಉರಿದಾಗ ಅಲ್ಲಿ ಕೈದಿಯಾಗಿದ್ದ ಕರ್ಟ್ ವೊನೆಗಟ್ ಆ ನೆನಪನ್ನು ನೇರ ಬರೆಯಲಾಗದೆ ವರ್ಷಗಟ್ಟಲೆ ಒದ್ದಾಡಿ, 1969ರಲ್ಲಿ ಕಾಲದಲ್ಲಿ ಹಿಂದುಮುಂದು ಜಿಗಿಯುವ ಮನುಷ್ಯನ ವಿಜ್ಞಾನ ಕಾದಂಬರಿಯಾಗಿ ಬರೆದ. ವಿಯೆಟ್ನಾಮಿನಲ್ಲಿ ಗಾಯಗೊಂಡ ಜೋ ಹಾಲ್ಡ್‌ಮನ್ 1974ರ 'ದಿ ಫಾರೆವರ್ ವಾರ್'ನಲ್ಲಿ, ಬಾಹ್ಯಾಕಾಶದಲ್ಲಿ ಕಾದಾಡಿ ಮರಳಿದ ಸೈನಿಕನಿಗೆ ಊರಲ್ಲಿ ಶತಮಾನಗಳೇ ಉರುಳಿದ್ದನ್ನು ತೋರಿಸಿದ. ಯುದ್ಧದಿಂದ ಮನೆಗೆ ಬಂದವನಿಗೆ ಮನೆ ಅಪರಿಚಿತವಾಗುವುದನ್ನು ಹೇಳಲು ಅವನಿಗೆ ಬೆಳಕಿನ ವೇಗದ ನೆಪ ಬೇಕಾಯಿತು. ನಮ್ಮಲ್ಲಿ ಮನು ಎಂಬ ಹೆಸರಿನಲ್ಲಿ ಬರೆದ ಪಿ.ಎನ್. ರಂಗನ್ 'ಮಹಾಸಂಪರ್ಕ'ದಲ್ಲಿ ಮಹಾಭಾರತವನ್ನೇ ವಿಜ್ಞಾನ ಕಾದಂಬರಿಯ ಕಣ್ಣಿನಿಂದ ನೋಡಿದರು. ರಾಜಶೇಖರ ಭೂಸನೂರಮಠರು ಉತ್ತರ ಕರ್ನಾಟಕದ ನೆಲದಲ್ಲಿ ಕೂತು ಕನ್ನಡಕ್ಕೆ ವಿಜ್ಞಾನ ಕಥೆಯ ರೂಢಿ ಹಚ್ಚಿದರು. ಇವರ ಪುಸ್ತಕಗಳನ್ನು ದನಿಗೆ ತರುವವರು ಮೊದಲು ಒಂದು ಕೆಲಸ ಮಾಡಬೇಕು: ಪ್ರತಿ ಹೊಸ ಪದವೂ ಮೊದಲ ಸಲ ಬಂದಾಗ ಓದು ನಿಧಾನಿಸಬೇಕು, ಎರಡನೇ ಸಲ ಬಂದಾಗ ಕೊಂಚ ಒತ್ತಬೇಕು, ಮೂರನೇ ಸಲ ಸಹಜವಾಗಿ ಹೇಳಬೇಕು. ಅಷ್ಟರಲ್ಲಿ ಕೇಳುಗನಿಗೆ ಅದು ಪರಿಚಯದ ಪದವಾಗಿರುತ್ತದೆ.

ಒಂದೇ ಗಂಟಲಿನಿಂದ ಕಾಣದ ಲೋಕ ಕಟ್ಟುವ ವಿದ್ಯೆ ಕೊಪ್ಪಳಕ್ಕೆ ಹೊಸದಲ್ಲ. ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಬಂತು. ತೊಗಲುಗೊಂಬೆಯಾಟದಲ್ಲಿ ಪರದೆಯ ಹಿಂದೆ ದೀಪ, ದೀಪದ ಮುಂದೆ ಬಣ್ಣದ ಚರ್ಮ. ಉಳಿದದ್ದೆಲ್ಲ ಮದ್ದಳೆ, ತಾಳ ಮತ್ತು ಗಂಟಲು. ಗೊಂಬೆಯ ಮುಖದಲ್ಲಿ ಭಾವ ಬದಲಾಗುವುದಿಲ್ಲ. ದುರ್ಯೋಧನ ಸಿಟ್ಟಾದದ್ದೂ ಸೋತದ್ದೂ ತಿಳಿಯುವುದು ದನಿಯಿಂದಲೇ. ರಣದ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಊರಮಾತಿನಲ್ಲಿ ತಮಾಷೆ ಮಾಡಿ, ಆಗಷ್ಟೆ ನಡೆದದ್ದನ್ನು ಇನ್ನೊಮ್ಮೆ ಸರಳವಾಗಿ ಹೇಳಿ ಹೋಗುತ್ತಾರೆ. ನಗಿಸುವುದಕ್ಕೆ ಮಾತ್ರವಲ್ಲ, ತೂಕಡಿಸಿದವನಿಗೆ ಕಥೆಯ ಎಳೆ ಮತ್ತೆ ಸಿಗಲಿ ಎಂದು. ಗಮಕದಲ್ಲಿ ಒಬ್ಬರು ಕುಮಾರವ್ಯಾಸನನ್ನು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನಿಸುವುದೂ ಇದೇ ಉಪಾಯ. ಹಿಂದೆ ತಿರುಗಿ ನೋಡಲಾಗದ ಕೇಳುಗನಿಗೆ ಏನು ಬೇಕು ಎಂಬುದನ್ನು ಇವರೆಲ್ಲ ಸ್ಟುಡಿಯೋ ಹುಟ್ಟುವ ಎಷ್ಟೋ ಮೊದಲೇ ಕಂಡುಕೊಂಡಿದ್ದರು. ಕನ್ನಡದ ವಿಜ್ಞಾನ ಕಾದಂಬರಿಯ ಆಡಿಯೋಬುಕ್ ಮಾಡುವವರು ಒಂದು ರಾತ್ರಿ ಗೊಂಬೆಯಾಟದ ಮುಂದೆ ಕೂತು ಬರಲಿ.

ಕೇಳುವುದು ಓದಿದಂತಾಗುತ್ತದೆಯೇ ಎಂಬ ಪ್ರಶ್ನೆ ಪಂಡಿತರಿಂದ ಬರುತ್ತಲೇ ಇರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದೇ ಕಥೆಗಳನ್ನು ಅದೇ ಜನರಿಗೆ ಓದಿಸಿ, ಕೇಳಿಸಿ ಮಿದುಳಿನ ಚಿತ್ರ ತೆಗೆದಾಗ ಪದಗಳ ಅರ್ಥ ಮೂಡುವ ರೀತಿ ಎರಡರಲ್ಲೂ ಬಹುಮಟ್ಟಿಗೆ ಒಂದೇ ಆಗಿತ್ತು. ಇದರಿಂದ ಎಲ್ಲ ಪುಸ್ತಕವನ್ನೂ ಕೇಳಿದರೆ ಸಾಕು ಎಂದೇನೂ ಆಗುವುದಿಲ್ಲ. ಗಣಿತ ತುಂಬಿದ ಪುಟವನ್ನು, ಅಡಿಟಿಪ್ಪಣಿಯ ಇತಿಹಾಸವನ್ನು ಕಣ್ಣಿನಿಂದಲೇ ಓದಬೇಕು. ಆದರೆ 2011ರ ಜನಗಣತಿಯಲ್ಲಿ ಸಾಕ್ಷರತೆ ನೂರಕ್ಕೆ 68ರ ಆಸುಪಾಸಿದ್ದ, ಹೆಂಗಸರಲ್ಲಿ 60ನ್ನೂ ಮುಟ್ಟದಿದ್ದ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಹಾಗೇ ಕೇಳುವುದು ತುಸು ಅನ್ಯಾಯ. ದುಡಿಯಲು ಮಂಗಳೂರು, ಗೋವಾ, ಬೆಂಗಳೂರಿಗೆ ಹೋಗುವ ಕುಷ್ಟಗಿ, ಯಲಬುರ್ಗಾದ ಜನರ ಕೈಯಲ್ಲಿ ಪುಸ್ತಕ ಇಲ್ಲದಿರಬಹುದು, ಮೊಬೈಲಂತೂ ಇದೆ.

ಇನ್ನು ಯಾವ ಕನ್ನಡ? 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ಕೊಪಣ ಒಂದು, ಅಂದರೆ ಇಂದಿನ ಕೊಪ್ಪಳ. ಓದಿ ಕಲಿಯದೆಯೂ ಕಾವ್ಯ ಬಲ್ಲವರು ಈ ಜನ ಎಂದು ಹೊಗಳಿದ್ದೂ ಅದೇ ಗ್ರಂಥ. ಈಗಿನ ಆಡಿಯೋಬುಕ್ಕುಗಳಲ್ಲಿ ಆ ಕೊಪಣದ ದನಿ ಕೇಳುವುದು ಅಪರೂಪ. ಬೆಂಗಳೂರು-ಮೈಸೂರಿನ ನಯವಾದ ಉಚ್ಚಾರವೇ ಎಲ್ಲೆಲ್ಲೂ. ಊರಭಾಷೆಯಲ್ಲಿ ಓದಿದರೆ ಉಳಿದ ಕಡೆ ತಿಳಿಯುವುದಿಲ್ಲ ಎಂಬ ಸಬೂಬು ನಿಲ್ಲುವಂಥದ್ದಲ್ಲ. ಕೊಪ್ಪಳದವರು ದಶಕಗಳಿಂದ ಆಕಾಶವಾಣಿಯಲ್ಲಿ, ಸಿನಿಮಾದಲ್ಲಿ ದಕ್ಷಿಣದ ಕನ್ನಡ ಕೇಳಿ ಅರ್ಥ ಮಾಡಿಕೊಂಡೇ ಬಂದಿದ್ದಾರೆ. ಸರದಿ ಬದಲಾದರೆ ಯಾರಿಗೂ ಕಿವಿ ನೋಯುವುದಿಲ್ಲ. ನನ್ನ ನಿಲುವು ಇಷ್ಟು: ವಿಜ್ಞಾನ ಕಾದಂಬರಿಗೆ ಗ್ರಾಂಥಿಕ ಕನ್ನಡದ ದನಿ ನಡೆದೀತು, ಅದು ಯಾವ ಊರಿನದೂ ಅಲ್ಲದ ಲೋಕ. ಯುದ್ಧದ ನೆನಪಿಗೆ ನಡೆಯುವುದಿಲ್ಲ. ಯಲಬುರ್ಗಾದ ಸೈನಿಕ 'ಹತ್ತೊಂಬತ್ತನೂರಾ ಅರವತ್ತೆರಡ್ರಾಗ' ಎಂದು ಶುರುಮಾಡಿದರೆ ಅದನ್ನು 'ಸಾವಿರದ ಒಂಬೈನೂರ ಅರವತ್ತೆರಡರಲ್ಲಿ' ಎಂದು ತಿದ್ದಿದ ಕ್ಷಣವೇ ಸಾಕ್ಷಿ ಬದಲಾದಂತೆ. ಯಂತ್ರದ ದನಿಯಲ್ಲಿ ಪುಸ್ತಕ ಓದಿಸುವ ಅಗ್ಗದ ದಾರಿಯೂ ಈಗ ತೆರೆದಿದೆ. ವಿಜ್ಞಾನ ಕಥೆಯ ರೋಬೋ ಪಾತ್ರಕ್ಕೆ ಅದು ಸೊಗಸು. ಸಾವು ಕಂಡವನ ಮಾತಿಗೆ ಬೇಡ.

ಕೊಪ್ಪಳ ಸೀಮೆಯದೇ ಒಂದು ಯುದ್ಧದ ನೆನಪು ಇನ್ನೂ ಪೂರ್ತಿ ದನಿಗೆ ಬಂದಿಲ್ಲ. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದಾಗ ಕೊಪ್ಪಳ ನಿಜಾಮನ ರಾಜ್ಯದಲ್ಲೇ ಉಳಿಯಿತು. ನಿಜಾಮನ ಪರ ನಿಂತ ರಜಾಕಾರರ ಕಾಟಕ್ಕೆ ಊರು ಬಿಟ್ಟವರು ಗಡಿಯಾಚೆಯ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರ ಹೂಡಿದರು. ಮುಂಡರಗಿಯ ಶಿಬಿರವನ್ನು ಅಳವಂಡಿಯ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡದ್ದನ್ನು ಪುಂಡಲೀಕಪ್ಪ ಜ್ಞಾನಮೋಠೆಯವರು ನಡೆಸಿದರು. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಭಾರತದ ಸೇನಾ ಕಾರ್ಯಾಚರಣೆಯಿಂದ ಈ ಹೋರಾಟ ಮುಗಿಯಿತು. ನಾಯಕರ ಬಗ್ಗೆ ಪುಸ್ತಕಗಳಿವೆ. ಶಿಬಿರಕ್ಕೆ ರೊಟ್ಟಿ ತಟ್ಟಿದವರು, ರಾತ್ರಿ ಸುದ್ದಿ ಮುಟ್ಟಿಸಿದ ಹುಡುಗರು, ಬಂಡಿ ಕಟ್ಟಿ ಊರು ಬಿಟ್ಟ ಮನೆಯವರು ಏನು ಕಂಡರು ಎಂಬುದು ಬಹುಪಾಲು ಬಾಯಿಮಾತಿನಲ್ಲೇ ಇದೆ. ಆಗ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಕನ್ನಡ ಆಡಿಯೋಬುಕ್ ಸಂಸ್ಥೆಗಳಿಗೆ ಇದಕ್ಕಿಂತ ಒಳ್ಳೆಯ ಯುದ್ಧ ಕಥನ ಬೇರೆಲ್ಲೂ ಸಿಗದು, ಅನುವಾದದ ಖರ್ಚೂ ಇಲ್ಲ. ಆ ಸಂಸ್ಥೆಯವರು ಬರುವ ತನಕ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಅಂಥ ಹಿರಿಯರಿದ್ದರೆ ಫ್ಯಾನು, ಟಿವಿ ಆರಿಸಿ, ಮೊಬೈಲಿನ ರೆಕಾರ್ಡರ್ ಒತ್ತಿ ಅವರ ಹತ್ತಿರ ಇಡಿ. ಊರು, ವರ್ಷ, ಹೆಸರು ಮೊದಲು ಹೇಳಿಸಿ. ನಡುವೆ ಬಾಯಿ ಹಾಕಬೇಡಿ, ಅವರ ಮಾತನ್ನು ತಿದ್ದಬೇಡಿ.